ಮಚ್ಚು ತರಲು ಹೋದ ಭಾನುವಾರ

ಆಯುಧಪೂಜೆಗೆ ಬೂದುಗುಂಬಳ ಒಡೆಯಬೇಕಿತ್ತು. ಗಂಡನ ಹೊಡೆತ ತಾಳಲಾರದೆ ನಮ್ಮ ಮನೆಗೆ ಬಂದಿದ್ದ ಗೆಳತಿ ಡ್ರೈವಿಂಗ್ ಕಲಿತು ಹಳೆಯದೊಂದು ಕಾರು ಕೊಂಡಿದ್ದಳು. ಸಾಫ್ಟ್‌ವೇರ್ ಕೆಲಸಕ್ಕೆ ಜನ ಸಾಲದ ಕಾಲ; ಮ್ಯಾನ್‌ಹಟನ್ನಿನಲ್ಲಿ ಟೆಸ್ಟಿಂಗ್ ಕೆಲಸವೂ ಸಿಕ್ಕಿತ್ತು. ಗಂಡ ಹತ್ತಿರ ಸುಳಿಯಕೂಡದೆಂದು ಕೋರ್ಟು ಆದೇಶ ಕೊಟ್ಟಿತ್ತು.

ಅಡುಗೆಮನೆಯ ಚಾಕು ಕುಂಬಳಕ್ಕೆ ಸಾಲದು. ಗನ್ ಶೋದಲ್ಲಿ ಒಳ್ಳೆಯ ಮಚ್ಚು ಸಿಗುತ್ತದೆಂದು ಹಿಂದೊಮ್ಮೆ ನಮ್ಮ ಮನೆಯ ಊಟದಲ್ಲಿ ಹೇಳಿದ್ದವನು ಆ ಗಂಡನೇ. ಅದು ನೆನಪಾಗಿ ಭಾನುವಾರ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಪೂಜೆಯ ಸಾಮಾನಿಗೆಂದು ಬಂದೂಕಿನ ಸಂತೆಗೆ ಬಂದವಳು ನಾನೊಬ್ಬಳೇ ಇರಬೇಕು.

ಮಚ್ಚು ಕೊಂಡು ತಿರುಗಿದರೆ ಪಕ್ಕದ ಸಾಲಿನಲ್ಲಿ ಅದೇ ಗಂಡ ರೈಫಲ್ ಒಂದನ್ನು ಭುಜಕ್ಕಾನಿಸಿ ನೋಡುತ್ತಿದ್ದ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನುಷ್ಯ. ನನ್ನನ್ನು ಕಂಡು ನಕ್ಕ.

"ಜಿಂಕೆ ಹಂಟಿಂಗ್‌ಗೆ ಕಣ್ರೀ. ಮನೇಲಿರೋಳಿಗೂ ಹೇಳಿ, ಸಿಕ್ಕಿದ್ದೆ ಅಂತ."

ಆ ನಗು ಈಗಲೂ ಕೆಂಪು ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದಾಗೆಲ್ಲ ಕಣ್ಣೆದುರು ಬರುತ್ತದೆ.

ಮಾರುತ್ತಿದ್ದವನು ಅಂಗಡಿಯವನಲ್ಲ, ಸ್ವಂತ ಬಂದೂಕು ತಂದಿದ್ದ ಮುದುಕ. ಅಂಥವರು ಏನೂ ವಿಚಾರಿಸುವುದಿಲ್ಲವೆಂದು ನಂಬಿ ಇವನು ಬಂದಿದ್ದ. ಕೆಲವು ರಾಜ್ಯಗಳಲ್ಲಿ ಅದು ನಿಜವೇ. ಆದರೆ ನ್ಯೂಯಾರ್ಕಿನ ಕಾನೂನಿನಲ್ಲಿ, ಗನ್ ಶೋದಲ್ಲಿ ಯಾರೇ ಮಾರಲಿ, ಕೊಳ್ಳುವವನ ಮೇಲೆ ಕೇಸು, ಕೋರ್ಟಿನ ಆದೇಶ ಏನಾದರೂ ಇದೆಯೇ ಎಂದು ಹಿನ್ನೆಲೆ ತಪಾಸಣೆ ಆಗಲೇಬೇಕು. ಮುದುಕ ಗೋಡೆಯ ಮೇಲಿನ ಬೋರ್ಡು ತೋರಿಸಿ ಅವನನ್ನು ಲೈಸೆನ್ಸ್ ಇದ್ದ ಡೀಲರ್ ಬಳಿಗೆ ಕರೆದೊಯ್ದ. ತಾನು ಇಂಜಿನಿಯರ್, ಗ್ರೀನ್ ಕಾರ್ಡ್ ಇದೆ, ಒಂದು ಟ್ರಾಫಿಕ್ ಟಿಕೆಟ್ ಕೂಡ ಇಲ್ಲ ಎಂದು ಇವನು ಜಂಬದಿಂದಲೇ ಹೇಳಿದ. ಕೋರ್ಟಿನ ಆದೇಶ ಅವನ ಪಾಲಿಗೆ ಗಂಡಹೆಂಡಿರ ಜಗಳ. ಹಿರಿಯರು ಕೂತು ರಾಜಿ ಮಾಡಿಸಿದರೆ ಮುಗಿಯುವಂಥದ್ದು.

ಡೀಲರ್ ತಪಾಸಣೆಯವರಿಗೆ ಫೋನ್ ಹಚ್ಚಿ ಕಾದ. ನಾನು ಮಚ್ಚಿನ ಪೊಟ್ಟಣವನ್ನು ಎದೆಗವಚಿಕೊಂಡು ನಿಂತೆ. ಅವನೇನಾದರೂ ಆ ರೈಫಲ್ ಹಿಡಿದು ಹೊರಬಿದ್ದರೆ ನಮ್ಮ ಮನೆಯ ದಾರಿ ಅವನಿಗೆ ಗೊತ್ತು.

ಫೋನ್ ಇಟ್ಟ ಡೀಲರ್ ರೈಫಲನ್ನು ತನ್ನ ಕಡೆಗೆ ಎಳೆದುಕೊಂಡ. ನಿಮಗೆ ಮಾರುವ ಹಾಗಿಲ್ಲ ಎಂದ, ಅಷ್ಟೇ. ಅವನು ಬರಿಗೈಯಲ್ಲಿ ಹೊರಟ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅಲ್ಲಿಂದಲೇ ಪೊಲೀಸರಿಗೆ ಫೋನ್ ಮಾಡಿದೆ.

ಹಬ್ಬದ ಬೆಳಿಗ್ಗೆ ಡ್ರೈವ್‌ವೇಯಲ್ಲಿ ಕಾರಿಗೆ ಆರತಿಯಾಯಿತು. ಕುಂಬಳ ಒಡೆಯಲು ನನ್ನ ಗಂಡ ಮಚ್ಚೆತ್ತಿಕೊಂಡರು.

"ಕೊಡಿ ಇಲ್ಲಿ. ನಾನೇ ಒಡೀತೀನಿ" ಎಂದಳು ಗೆಳತಿ.

ಒಂದೇ ಏಟು. ಎರಡು ಹೋಳು, ಕುಂಕುಮ ನೆಲದ ತುಂಬ. ಚಕ್ರದಡಿಯ ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿ, ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ಹಾರ್ನ್ ಹೊಡೆಯುತ್ತ, ಅವಳು ಕೆಲಸದ ರೈಲು ಹಿಡಿಯಲು ಹಿಕ್ಸ್‌ವಿಲ್ ಸ್ಟೇಷನ್ನಿಗೆ ಹೊರಟಳು.