ಮಂಚ ಎಲ್ಲೈತೆ ಸಾ?

ಹೆಂಗಸರಿಗೆ ಬಸ್ಸು ಉಚಿತವಾದ ಮರುವರ್ಷ ನಡೆದದ್ದು ಇದು. ಬಸ್ಸಿನ ವಿಷಯವನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಅದಿಲ್ಲದಿದ್ದರೆ ಕೌದಳ್ಳಿಯ ನಾನು ಒಂದು ತರಬೇತಿ ಹುಡುಕಿಕೊಂಡು ಹನೂರು, ಕೊಳ್ಳೇಗಾಲ, ಯಳಂದೂರು ಅಂತ ಅಷ್ಟು ಸಲ ಅಲೆಯುತ್ತಲೇ ಇರಲಿಲ್ಲ.

ಅದಕ್ಕೂ ಮೊದಲು ನಮ್ಮತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನಾನೇ. ಒಂದು ಬೆಳಿಗ್ಗೆ ಸಹಾಯಕಿ ಹುಡುಗಿಯೊಬ್ಬಳು ಬಂದು, ಅತ್ತೆಯನ್ನು ಮಂಚದಿಂದ ಇಳಿಸದೆಯೇ ಅವರ ಕೆಳಗಿದ್ದ ಬೆಡ್‌ಶೀಟ್ ತೆಗೆದು ಹೊಸದನ್ನು ಹಾಸಿಬಿಟ್ಟಳು. ಮುಟ್ಟಿದರೆ ಸಾಕು ಕಿರುಚುತ್ತಿದ್ದ ಅತ್ತೆ ಒಂದು ಸಲವೂ ನರಳಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಹೇಗೆ ಮಾಡಿದೆ, ಇನ್ನೊಂದು ಸಲ ಮಾಡಿ ತೋರಿಸು ಅಂತ ಕೇಳಿದರೆ ಅವಳು ನಕ್ಕು ಹೊರಟುಹೋದಳು. ಅತ್ತೆ ಗುಣವಾಗಿ ಮನೆಗೆ ಬಂದರೂ ಆ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಚಿಕ್ಕಂದಿನಿಂದಲೂ ನನ್ನದು ಅದೇ ಕಾಯಿಲೆ. ಒಂದು ವಿಷಯ ತಲೆಗೆ ಹೊಕ್ಕರೆ ಅದರ ಬುಡ ಕಾಣುವವರೆಗೂ ನೆಮ್ಮದಿ ಇರುವುದಿಲ್ಲ.

ನರ್ಸಿಂಗ್ ಕಾಲೇಜಿಗೆ ಸೇರಿ ವರ್ಷಗಟ್ಟಲೆ ಓದುವ ಅನುಕೂಲ ನನಗಿರಲಿಲ್ಲ. ಆದರೆ ಪಿಯುಸಿ ಓದಿದವರು ಕೆಲವೇ ತಿಂಗಳಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಬಹುದು ಅಂತ ಕೇಳಿದ್ದೆ. ನನ್ನ ಪುಟ್ಟ ಮಗಳನ್ನು ನೋಡಿಕೊಳ್ಳಲು ಗೋಪಿನಾಥಂನಿಂದ ನಮ್ಮವ್ವ ಬಂದಳು. ಅದೂ ಯುಗಾದಿಯವರೆಗೆ ಮಾತ್ರ. ಆಮೇಲೆ ಅವಳಿಗೆ ಅವಳ ಕುರಿ, ಅವಳ ಹೊಲ. ಅಷ್ಟರೊಳಗೆ ಕಲಿತು ಮುಗಿಸಬೇಕು, ಸಂಜೆ ಮನೆ ಸೇರುವಂತಿರಬೇಕು, ಫೀಸು ನಮ್ಮ ಕೈಗೆಟುಕಬೇಕು. ಇಲ್ಲದಿದ್ದರೆ ಗಾರ್ಮೆಂಟ್ಸ್ ಸೇರುವುದು ಅಂತ ಮನೆಯಲ್ಲಿ ಮಾತಾಗಿತ್ತು. ಗಾರ್ಮೆಂಟ್ಸ್ ಕೆಲಸ ಕೆಟ್ಟದ್ದು ಅಂತಲ್ಲ. ನನ್ನ ತಲೆ ತಿನ್ನುತ್ತಿದ್ದ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುತ್ತಿರಲಿಲ್ಲ, ಅಷ್ಟೆ.

ಹನೂರಿನಲ್ಲಿ ವಿಚಾರಿಸಿದರೆ ಹೊಲಿಗೆ ಉಂಟು, ಕಂಪ್ಯೂಟರ್ ಉಂಟು, ಇದೊಂದು ಇಲ್ಲ ಅಂದರು. ಮೊಬೈಲಿನಲ್ಲಿ ಒಂದು ಸಲ ಹುಡುಕಿದ್ದೇ ತಡ, ಜಾಹೀರಾತುಗಳು ನನ್ನ ಬೆನ್ನು ಹತ್ತಿದವು. ಎಲ್ಲದರಲ್ಲೂ ಬೇಗ, ಅಗ್ಗ, ಕೆಲಸ ಗ್ಯಾರಂಟಿ. ಅವುಗಳಲ್ಲೊಂದು ಕೊಳ್ಳೇಗಾಲದ್ದು. ಹೋಗಿ ನೋಡಿದರೆ ಬೇಕರಿಯ ಮಹಡಿಯ ಮೇಲೊಂದು ಕೋಣೆ. ಗೋಡೆಯ ತುಂಬ ಬಿಳಿ ಕೋಟಿನ ಹುಡುಗಿಯರ ಫೋಟೋ. ಮೇಜಿನ ಹಿಂದೆ ಕೂತಿದ್ದವರು ಬಹಳ ಮರ್ಯಾದೆಯಿಂದ ಮಾತಾಡಿಸಿದರು. ಒಂದೇ ತಿಂಗಳು, ಇಲ್ಲಿಗೆ ಬರುವುದೂ ಬೇಡ, ಸರ್ಟಿಫಿಕೇಟ್ ಮನೆಗೇ ಬರುತ್ತದೆ ಅಂದರು. ನಾನು ಕೋಣೆಯನ್ನೆಲ್ಲ ಒಂದು ಸುತ್ತು ನೋಡಿದೆ.

“ಮಂಚ ಎಲ್ಲೈತೆ ಸಾ?”

“ಯಾವ ಮಂಚ?”

“ರೋಗಿ ಮನಗೋ ಮಂಚ. ಮನಗಿದ್ದಂಗೇ ಬೆಡ್‌ಶೀಟ್ ಬದ್ಲಾಯ್ಸೋದು ಕಲಿಸ್ಬೇಕಲ್ಲ.”

ಅದೆಲ್ಲ ವಿಡಿಯೋದಲ್ಲಿ ಬರುತ್ತದೆ ಅಂದರು. ಹಾಗಾದರೆ ತೋರಿಸಿ ಅಂದೆ. ಸೇರಿದ ಮೇಲೆ ಅಂದರು. ಈ ಸರ್ಟಿಫಿಕೇಟ್ ನೋಡಿ ಯಾವ ಆಸ್ಪತ್ರೆಯವರು ಕೆಲಸ ಕೊಡುತ್ತಾರೆ ಅಂತ ಕೇಳಿದೆ. ಅಷ್ಟು ಹೊತ್ತೂ ಸುಮ್ಮನಿದ್ದ ಅವರ ಫೋನಿಗೆ ಆಗಲೇ ಏನೋ ಅರ್ಜೆಂಟ್ ಬಂತು. ನಾನು ಮೆಟ್ಟಿಲಿಳಿದೆ.

ಹಸಿವಾಗಿತ್ತು. ಕೆಳಗಿನ ಬೇಕರಿಯಲ್ಲೇ ಬನ್ನು ತಿನ್ನುತ್ತಾ ಬೇಕರಿಯಣ್ಣನನ್ನೂ ಕೇಳಿದೆ. ಅವನು ಮಹಡಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ಯಳಂದೂರಿನ ಒಂದು ಸಣ್ಣ ಆಸ್ಪತ್ರೆಯ ಗುರುತು ಹೇಳಿದ. ಅಲ್ಲಿ ಅವನ ತಂಗಿಯ ಮಗಳು ಕಲಿಯುತ್ತಿದ್ದಳಂತೆ. ಮೂರು ತಿಂಗಳು ವಾರ್ಡಿನಲ್ಲೇ ದುಡಿಯುತ್ತಾ ಕಲಿಯಬೇಕು, ಕೊನೆಗೆ ಪರೀಕ್ಷೆ ಇರುತ್ತದೆ, ಆ ಸರ್ಟಿಫಿಕೇಟಿಗೆ ಬೆಲೆಯೂ ಇದೆ, ಫೀಸು ಹೆಚ್ಚಿಲ್ಲ ಅಂದ.

ಮಾರನೇ ದಿನವೇ ಯಳಂದೂರಿಗೆ ಹೋದೆ. ತರಬೇತಿ ನೋಡಿಕೊಳ್ಳುತ್ತಿದ್ದವರು ಶಾಂತಮ್ಮ ಅಂತ ಹಿರಿಯ ಸಿಸ್ಟರ್. ಉಳಿದಿರುವುದು ಒಂದೇ ಸೀಟು, ಇದೇ ಊರಿನ ಇನ್ನೊಬ್ಬ ಹುಡುಗಿಯೂ ಕೇಳಿದ್ದಾಳೆ, ಸಂಜೆಯೊಳಗೆ ಹೇಳುತ್ತೇವೆ ಅಂದರು. ಕೌದಳ್ಳಿಯಿಂದ ದಿನಾ ಬರೋಳಿಗಿಂತ ಪಕ್ಕದ ಬೀದಿಯವಳೇ ವಾಸಿ ಅಂತ ಅವರಿಗೆ ಅನ್ನಿಸಿರಬೇಕು ಎಂದುಕೊಂಡೆ. ಆದರೂ ಬಾಯಿ ಸುಮ್ಮನಿರಬೇಕಲ್ಲ, ಮಂಚ ಎಲ್ಲಿದೆ ಅಂತ ಇಲ್ಲೂ ಕೇಳಿದೆ. ಅವರು ನಕ್ಕು ವಾರ್ಡಿಗೆ ಕರೆದುಕೊಂಡು ಹೋದರು.

ಅಲ್ಲಿ ಮೂಲೆಯ ಮಂಚದಲ್ಲಿ ಬೆಟ್ಟದ ತಪ್ಪಲಿನ ಊರಿನ ಮಾದಮ್ಮ ಅನ್ನುವ ಅಜ್ಜಿ ಇದ್ದರು. ಹಿಂದಿನ ದಿನ ಉಬ್ಬಸ ಜೋರಾಗಿ ಸೇರಿದ್ದರು. ಹ್ಯಾಂಡಲ್ ತಿರುಗಿಸಿದರೆ ತಲೆಯ ಕಡೆ ಮೇಲೇಳುವ ಮಂಚ ಅದು. ತಲೆ ಎತ್ತರದಲ್ಲಿದ್ದರೆ ಉಸಿರಾಟ ಸಲೀಸು. ಅಜ್ಜಿಯೋ, ತಲೆದಿಂಬನ್ನು ಕಾಲ ಕಡೆಗೆ ಎಳೆದುಕೊಂಡು ತಿರುಗಾಮುರುಗಾ ಮಲಗಿ ಏದುಸಿರು ಬಿಡುತ್ತಿದ್ದರು. ಹಾಗೇ ಹ್ಯಾಂಡಲ್ ತಿರುಗಿಸಿದರೆ ಮೇಲೇಳುವುದು ಕಾಲು. ಸಿಸ್ಟರ್ ಅವರನ್ನು ಎಬ್ಬಿಸಿ ಸರಿಯಾಗಿ ಮಲಗಿಸಿದರು. ಹತ್ತು ಹೆಜ್ಜೆ ಆಚೆ ಹೋಗುವಷ್ಟರಲ್ಲಿ ಅಜ್ಜಿ ಮತ್ತೆ ತಿರುಗಿಕೊಂಡರು. ನಿನ್ನೆಯಿಂದ ಇದೇ ಗೋಳು ಅಂತ ಸಿಸ್ಟರ್ ಹಣೆ ಉಜ್ಜಿಕೊಂಡರು.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, ಯಾಕಜ್ಜಿ ಹೀಗೆ ಅಂತ ಕೇಳಿದೆ.

“ಬಡಗ್ಲಾಗಿ ತಲೆ ಆಕಂಡು ಮನಿಕಂಡವ್ರು ಎದ್ದಾರಾ? ನಾ ಎದ್ದು ಮನೆಗ್ ಓಗ್ಬೇಕು ಕಣವ್ವ,” ಅಂದರು, ಒಂದೊಂದು ಮಾತಿಗೂ ಉಸಿರು ಎಳೆದುಕೊಂಡು.

ಕಿಟಕಿಯ ಬಿಸಿಲು ನೋಡಿದೆ. ಹೌದು, ಮಂಚದ ತಲೆ ಉತ್ತರಕ್ಕಿತ್ತು. ನಮ್ಮ ಮನೆಯಲ್ಲೂ ಉತ್ತರಕ್ಕೆ ತಲೆ ಹಾಕಿದರೆ ನಾವು ನಿದ್ದೆಯಲ್ಲಿದ್ದರೂ ಅವ್ವ ಎಳೆದು ತಿರುಗಿಸುತ್ತಾಳೆ. ಅದನ್ನೆಲ್ಲ ನಂಬುತ್ತೀಯಾ ಅಂದರೆ ಹೇಳಲಾರೆ, ಆದರೆ ನಾನೂ ಹಾಗೆ ಮಲಗುವುದಿಲ್ಲ. ಕೆಳಗೆ ನೋಡಿದರೆ ಮಂಚಕ್ಕೆ ಚಕ್ರ ಇತ್ತು. ಆಕ್ಸಿಜನ್ ಸಿಲಿಂಡರ್ ಇದ್ದ ಗಾಡಿಗೂ ಚಕ್ರ ಇತ್ತು. ಅಜ್ಜಿಯ ಬದಲು ಮಂಚವನ್ನೇ ತಿರುಗಿಸಿದರೆ ಆಗುವುದಿಲ್ಲವೇ ಅಂತ ಕೇಳಿದೆ. ಸಿಸ್ಟರ್ ಅಜ್ಜಿಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಇಬ್ಬರೂ ಸೇರಿ ಮಂಚ ತಿರುಗಿಸಿದೆವು. ಸಿಲಿಂಡರನ್ನೂ ತಲೆಯ ಕಡೆಗೆ ತಂದೆವು.

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಯಾರೋ ಕೂಗಿದರು. ಈಗ ಬಂದೆ, ಅಲ್ಲಿವರೆಗೂ ಏನೂ ಮುಟ್ಟಬೇಡ ಅಂತ ಹೇಳಿ ಸಿಸ್ಟರ್ ಹೋದರು. ನಾನು ಮುಟ್ಟಲಿಲ್ಲ. ಅಜ್ಜಿಗೆ ತಡೆಯಬೇಕಲ್ಲ! ತಾವೇ ಎದ್ದು ಮಂಚದ ಅಂಚಿಗೆ ಕೂರಲು ಹೋದರು. ಮಂಚ ಸರ್ರನೆ ಹಿಂದೆ ಜಾರಿತು. ಪಕ್ಕದಿಂದ ಅಜ್ಜಿಯನ್ನು ತಬ್ಬಿಕೊಂಡು ನಾನೇ ನೆಲಕ್ಕೆ ಕುಸಿದೆ. ಅಜ್ಜಿ ನನ್ನ ಮಡಿಲಲ್ಲಿ. ನನ್ನ ಬೆನ್ನು ಗೋಡೆಗೆ ಬಡಿದಿತ್ತು. ಅಜ್ಜಿಗೆ ಏನಾಯಿತೋ ಅನ್ನುವ ಭಯ ಮೊದಲು, ಸೀಟು ಹೋಯಿತಲ್ಲ ಅನ್ನುವ ಸಂಕಟ ಆಮೇಲೆ.

ಓಡಿಬಂದ ಸಿಸ್ಟರ್ ಅಜ್ಜಿಯ ಮೈಕೈ ಎಲ್ಲ ಮುಟ್ಟಿ ನೋಡಿದರು. ಒಂದು ತರಚು ಗಾಯವೂ ಇರಲಿಲ್ಲ. ಆಮೇಲೆ ಮಂಚದ ಕಾಲಿನ ಬಳಿ ಇದ್ದ ಸಣ್ಣ ಪೆಡಲನ್ನು ತುಳಿದರು. ಚಕ್ರ ಕಚ್ಚಿಕೊಂಡಿತು. ಅಜ್ಜಿಯನ್ನು ಮಲಗಿಸಿ ತಲೆಯ ಕಡೆ ಎತ್ತಿದರು. ಅಜ್ಜಿ ಈ ಸಲ ತಿರುಗಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂದು, ಕಣ್ಣು ಮುಚ್ಚಿದರು.

ನಾನು ಬ್ಯಾಗು ಎತ್ತಿಕೊಂಡೆ. ಸಿಸ್ಟರ್ ತಡೆದು, ಪಕ್ಕದಲ್ಲಿದ್ದ ಖಾಲಿ ಮಂಚ ತೋರಿಸಿದರು.

“ಬ್ರೇಕ್ ಹಾಕ್ದೆ ಹೋದದ್ದು ನನ್ ತಪ್ಪು, ನಿಂದಲ್ಲ. ಈಗ ಇದನ್ನ ತಿರುಗ್ಸಿ ಬ್ರೇಕ್ ಹಾಕು, ನೋಡ್ತೀನಿ. ಸೋಮವಾರದಿಂದ ದಿನಾ ಇದೇ ಕೆಲಸ ನಿಂಗೆ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತೇ ಹಿಡಿಯಿತು. ಅರ್ಥವಾದ ಮೇಲೆ ಅಳು ಬಂತು. ಅಳುತ್ತಲೇ ಮಂಚ ತಿರುಗಿಸಿದೆ.

ಸೋಮವಾರ ಹೋದಾಗ ಮಾದಮ್ಮಜ್ಜಿ ಇನ್ನೂ ಅಲ್ಲೇ ಇದ್ದರು. ನನ್ನನ್ನು ಕಂಡವರೇ, ಬೀಳಿಸೋಳು ಬಂದಳು ಅಂತ ವಾರ್ಡಿಗೆಲ್ಲ ಕೇಳುವಂತೆ ರೇಗಿಸಿದರು. ಅವರು ಮನೆಗೆ ಹೋಗುವ ಹಿಂದಿನ ದಿನ, ಸಿಸ್ಟರ್ ಕಲಿಸಿದ್ದ ಹಾಗೆ ನಾನು ಮೊದಲು ಬ್ರೇಕ್ ತುಳಿದು ನೋಡಿದೆ. ಅಜ್ಜಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯ ಬೆಡ್‌ಶೀಟನ್ನು ಬೆನ್ನಿನವರೆಗೆ ಸುತ್ತಿ, ಹೊಸದನ್ನು ಅದರ ಪಕ್ಕಕ್ಕೆ ಹಾಸಿ, ಇನ್ನೊಂದು ಮಗ್ಗುಲಿಗೆ ಹೊರಳಿಸಿ ಎಳೆದುಕೊಂಡೆ. ಇಷ್ಟೇನಾ ಅನ್ನಿಸಿತು. ಇಷ್ಟಕ್ಕಾಗಿಯೇ ಊರೂರು ಅಲೆದಿದ್ದೆ ಅಂತ ನಗುವೂ ಬಂತು, ಹೇಳಲಾರದಷ್ಟು ಖುಷಿಯೂ ಆಯಿತು.

ಯುಗಾದಿಗೆ ಮೊದಲೇ ಪರೀಕ್ಷೆಯೂ ಮುಗಿಯಿತು. ಈಗ ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ನನಗೆ ಅದೇ ಕೆಲಸ. ದಿನಕ್ಕೆ ಎಷ್ಟು ಹಾಸಿಗೆ ಬದಲಾಯಿಸುತ್ತೇನೋ ಲೆಕ್ಕವಿಲ್ಲ. ಆದರೂ ಪ್ರತಿ ಸಲ ಆ ದಿನ ಅಜ್ಜಿ ಕತ್ತು ತಿರುಗಿಸಿ ಹಾಸಿಗೆಯನ್ನು ಸವರಿ ನೋಡಿದ್ದು ನೆನಪಾಗುತ್ತದೆ.

“ಎಂಗ್ ಮಾಡ್ದವ್ವ ಇದ? ಇನ್ನೊಂದ್ಸಲ ಮಾಡು, ನೋಡ್ತೀನಿ.”

ನಾನು ನಕ್ಕು ಹೊರಟುಹೋಗಲಿಲ್ಲ. ಹಾಸಿದ್ದನ್ನು ತೆಗೆದು ಇನ್ನೊಂದು ಸಲ ಹಾಸಿದೆ.