ವಾಯರ್ ಇಲ್ಲದ ಗುಂಡಿ

ನಮ್ಮ ಗಡಿಭಾಗದ ಸೊರಡಿಯಲ್ಲಿ ಹುಟ್ಟಿ ಮುಂಬೈಯಲ್ಲಿ ನರೆತ ಹಾಡಿನ ಪ್ರೊಡ್ಯೂಸರ್ ಅಜ್ಜಾರೂ, ಮಂಪರು ಹಿಡಿಸುವ ಸೈಕೆಡೆಲಿಕ್ ರಾಕ್ ನುಡಿಸುವ ಪುಣೆಯ ಉದ್ದಗೂದಲ ಗಿಟಾರಿನವನೂ ಕೂಡಿ ಸೋನ್ಯಾಳದ ಖಾಲಿ ಗೋದಾಮಿನಲ್ಲಿ ಆಲ್ಬಂ ಮಾಡುತ್ತಿದ್ದರು. ಅವರ ಸೌಂಡ್ ಮಿಕ್ಸರ್ ಕೆಟ್ಟಿತು. ಡಫಳಾಪುರದಲ್ಲಿ ಮದುವೆಗಳಿಗೆ ಸ್ಪೀಕರ್ ಹಚ್ಚುವ ನನಗೆ ಕರೆ ಬಂತು; ನನ್ನ ಹಳೆಯ ಮಿಕ್ಸರ್ ಹೊತ್ತು ಹೋದೆ.

ನಮ್ಮ ಕಡೆ ಎಕೋ ಯಾವಾಗಲೂ ಪೂರಾ ಏರಿಸಿಯೇ ಇರುತ್ತದೆ. "ಊಟಕ್ಕ ಬರ್ರಿ" ಅಂದರೆ ನಾಲ್ಕು ಸಲ ಕೇಳಬೇಕು. ಗಿಟಾರಿನವ ಒಂದು ತಂತಿ ಮೀಟಿ ಕುಣಿದೇಬಿಟ್ಟ.

ಅಜ್ಜಾರು ಚಪ್ಪಲಿ ಮೆಟ್ಟಿದರು. "ಎಕೋ ಇಳಸ್ರಿ, ಇಲ್ಲಾಂದ್ರ ನಾ ಹೊಂಟೆ."

ಇಳಿಸಿದರೆ ತಾನೇ ಹೊರಡುವೆನೆಂದು ಮರಾಠಿಯಲ್ಲಿ ಹೇಳಿ ಗಿಟಾರಿನವ ಗಿಟಾರನ್ನು ಚೀಲಕ್ಕೆ ತುಂಬಿದ. ಆಲ್ಬಂ ಅಲ್ಲಿಗೇ ಮುಗಿಯುವುದಿತ್ತು. ನಾನೇನು ಕಡಿಮೆ? ಎಕೋ ಮುಟ್ಟದೆ, ಮದುವೆಗಳಲ್ಲಿ ದನಿ ತಿದ್ದಲು ತಿರುವುವ ಮೂಲೆಯ ಗುಂಡಿಯನ್ನು ಗಂಭೀರವಾಗಿ ತಿರುವಿದೆ.

"ಈಗ ಕೇಳ್ರಿ ಅಜ್ಜಾರ."

ನಾನು ಮೈಕಿನಲ್ಲಿ ಹಲೋ ಅಂದದ್ದನ್ನು ಅವರು ಕಣ್ಣು ಮುಚ್ಚಿ ಕೇಳಿದರು. "ಹಾಂ, ಈಗ ಚಲೋ ಆತು."

ಎಕೋ ಹಾಗೇ ಇದ್ದುದನ್ನು ಕೇಳಿ ಗಿಟಾರಿನವನೂ ಗಿಟಾರ್ ಹೊರತೆಗೆದ. ಹಾಡು ಮುಗಿದ ಮೇಲೆ ಅಜ್ಜಾರು ನನ್ನನ್ನು ಹೊರಗೆ ಕರೆದರು. "ಆ ಗುಂಡಿಗೆ ವಾಯರ್ ಇಲ್ಲ, ಹೌದಲ್ಲ? ಅಂಥಾದೊಂದು ನನ್ನ ಸ್ಟುಡಿಯೋದಾಗೂ ಐತಿ, ಹಟಮಾರಿ ಹಾಡುಗಾರರ ಸಲುವಾಗಿ. ಎಕೋ ನನಗೂ ಹಿಡಿಸಿತ್ತೋ ಮಾರಾಯಾ, ಹಟ ಹಿಡಿದ ಮ್ಯಾಲ ಒಪ್ಪಾಕ ಒಂದು ನೆವ ಬೇಕಿತ್ತು. ಆ ಗಿಟಾರಿನವಗ ಹೇಳಬ್ಯಾಡ."

ಹೇಳಿಲ್ಲ. ಆದರೆ ಆ ಗುಂಡಿಗೆ ವಾಯರ್ ಇಲ್ಲವೆಂದು ನನಗೂ ಗೊತ್ತಾದದ್ದು ಅಜ್ಜಾರು ಹೇಳಿದ ಮೇಲೆಯೇ. ಹತ್ತು ವರ್ಷ ಮದುವೆಮನೆಗಳಲ್ಲಿ ಅದನ್ನೇ ತಿರುವುತ್ತ ಬಂದಿದ್ದೆ.