ಫಿಲೋಮಿನಾಗೆ ಒಂದು ತುಂಡು ಬಿಸಿಲು

ಹೋದ ವಾರ ಮಂಗಳವಾರ ನಾವಿಬ್ಬರು ಮುದುಕಿಯರು ಸೇರ್ಕೊಂಡು ನಮ್ಮ ಅಳಿಯಂದಿರ ಕ್ಲಿನಿಕ್ಕನ್ನೇ ಬಂದ್ ಮಾಡಿಬಿಟ್ವಿ. (ಫೋನಲ್ಲಿ ಟೈಪ್ ಮಾಡೋದು ಕಲಿತ ಮೇಲೆ ಒಪ್ಕೊಳ್ತಿರೋ ಮೊದಲ ತಪ್ಪು ಇದು.)

ಅಳಿಯ ಡಾಕ್ಟರು. ಅವತ್ತು ಮನೆಯಿಂದಲೇ ವಿಡಿಯೋದಲ್ಲಿ ಪೇಷೆಂಟ್ ನೋಡ್ತಿದ್ರು. ನಾನು ಗ್ರೈಂಡರ್ ಹಾಕಿದೆ, ಗೆಳತಿ ಫಿಲೋಮಿನಾ ವಾಷಿಂಗ್ ಮಷೀನ್ ಹಾಕಿದ್ಲು, ಕಾಫಿಗೆ ಅಂತ ಕೆಟಲ್ ಬೇರೆ. ಟಪ್! ಲೋಡ್ ಜಾಸ್ತಿಯಾಗಿ ಮೇನ್ ಸ್ವಿಚ್ ಬಿತ್ತು, ವೈಫೈ ಹೋಯ್ತು. ಪಾಪ, ನಾಲಿಗೆ ಚಾಚಿದ್ದ ಪೇಷೆಂಟು ಹಾಗೇ ಫ್ರೀಜ್ ಆದ್ರಂತೆ.

ನಡುಮಧ್ಯಾಹ್ನ ಯಾಕೆ ರುಬ್ಬೋದು ಅಂತೀರಾ? ಆಸ್ಟ್ರೇಲಿಯಾದ ಈ ಪರ್ತ್‌ನಲ್ಲಿ ಹಾಗೇ ಸ್ವಾಮಿ. ನಮ್ಮ ಥಾರ್ನ್ಲಿ ಮನೆ ಸೂರಿನ ಮೇಲೆ ಸೋಲಾರ್ ಇದೆ. ಸೂರ್ಯ ನೆತ್ತಿಗೆ ಬಂದಾಗ ಕರೆಂಟ್ ಪುಕ್ಕಟೆ, ಆಗ್ಲೇ ರುಬ್ಬು, ಒಗಿ, ಬೇಯಿಸು. (ನಮ್ಮತ್ತೆ ಬೆಳಗಿನ ಜಾವ ಎಬ್ಬಿಸಿ ರುಬ್ಬಿಸ್ತಿದ್ರು. ಅಳಿಯಂದಿರೇ ವಾಸಿ.)

ಫಿಲೋಮಿನಾಗೆ ಸೂರೇ ಇಲ್ಲ. ಅಂದ್ರೆ, ಇದೆ, ಓನರ್‌ದು. ಮಂಗಳೂರಿಂದ ಮಸ್ಕತ್, ಅಲ್ಲಿಂದ ಇಲ್ಲಿನ ಬೆಂಟ್ಲಿ ಬಡಾವಣೆಯ ಬಾಡಿಗೆ ಯೂನಿಟ್. ಸೋಲಾರ್ ಹಾಕಿಸಿ ಅಂದ್ರೆ ಓನರ್ ನೋ ಅಂದ. ಹೋದ ಬೇಸಿಗೇಲಿ ಕರೆಂಟ್ ಉಳಿಸ್ತೀನಿ ಅಂತ ಏಸಿ ಹಾಕದೆ ಕೂತು, ತಲೆ ಸುತ್ತಿ ಬಿದ್ಲು. ಆಮೇಲಿಂದ ಪ್ರತಿ ಮಂಗಳವಾರ ನಮ್ಮನೆಗೇ ಬಾ ಅಂದೆ. ನೆನೆಸಿದ ಅಕ್ಕಿ, ಉದ್ದು, ಒಗೆಯೋ ಬಟ್ಟೆ, ಎಲ್ಲಾ ಅವಳ ಜೊತೆ ಬಸ್ಸಲ್ಲಿ ಬರುತ್ತೆ.

ಟಪ್ ಅಂದಿದ್ದೇ ಅವಳ ಮುಖ ಸಣ್ಣಗಾಯ್ತು.

"ನಾನಿನ್ನು ಬರುದಿಲ್ಲ ಮಾರಾಯ್ತಿ."

"ಒಂದು ಸ್ವಿಚ್ ಬಿದ್ದಿದ್ದಕ್ಕಾ?"

"ಎಷ್ಟು ದಿನ ಅಂತ ನಿಮ್ಮ ಉಪಕಾರದ ಬಿಸಿಲು? ನನ್ನದೇ ಒಂದು ತುಂಡು ಬೇಕು."

ಇಲ್ಲಿ ಡಿಸೆಂಬರ್ ಅಂದ್ರೆ ಬೇಸಿಗೆ. ಬಾಗಿಲಲ್ಲೇ ನಿಂತಿದೆ. ಇವಳು ಮತ್ತೆ ಏಸಿ ಹಾಕದೆ ಕೂತ್ರೆ?

ಮೊಮ್ಮಗಳು ತಾರಾ (ನಾನು ಕನ್ನಡದಲ್ಲಿ ಕೇಳಿದ್ರೆ ಅವಳದು ಇಂಗ್ಲಿಷಲ್ಲೇ ಉತ್ತರ) ಫ್ರಿಜ್ಜಿಂದ ತಲೆ ಈಚೆ ತೆಗೆದು, "ಅಜ್ಜಿ, ಶಿ ನೀಡ್ಸ್ ಕಮ್ಯುನಿಟಿ ಸೋಲಾರ್" ಅಂದ್ಲು. ಎಲ್ಲೋ ಒಂದು ಕಡೆ ದೊಡ್ಡದಾಗಿ ಸೋಲಾರ್ ಹಾಕ್ತಾರಂತೆ. ಸೂರಿಲ್ಲದವರೂ ಅದರಲ್ಲಿ ಪಾಲು ತಗೋಬಹುದು. ಆ ಕರೆಂಟು ಅವರ ಬಿಲ್ಲಲ್ಲಿ ಕಳೆಯುತ್ತೆ. ಆದ್ರೆ ಬಾಡಿಗೆಯವರಿಗೆಲ್ಲ ಅದು ಸಿಗಬೇಕು ಅಂದ್ರೆ ರಾಜ್ಯ ಸರ್ಕಾರ ಕಾನೂನು ಮಾಡ್ಬೇಕು.

ಕಾನೂನು ತಾನೇ? ಶನಿವಾರ ಶಾಪಿಂಗ್ ಸೆಂಟರ್ ಮುಂದೆ ನಮ್ಮ ಎಂಎಲ್‌ಎ ಟೇಬಲ್ ಹಾಕ್ಕೊಂಡು ಕೂತಿದ್ರು. ತಾರಾನ ಕರ್ಕೊಂಡು, ಫಿಲೋಮಿನಾನ ಎಳ್ಕೊಂಡು ಹೋದೆ. ಕೈಲಿ ಹಿಂದಿನ ಮಧ್ಯಾಹ್ನ ರುಬ್ಬಿದ ಇಡ್ಲಿ ಹಿಟ್ಟಿನ ಡಬ್ಬಿ. (ದೊಡ್ಡವರ ಹತ್ರ ಬರಿಗೈಲಿ ಹೋಗ್ತಾರಾ?)

ತಾರಾ ಸೋಲಾರ್ ಪಾಲಿನ ವಿಷಯ ಹೇಳಿದ್ಲು. "ಲವ್ಲಿ ಐಡಿಯಾ! ವಿ ಆರ್ ಲುಕಿಂಗ್ ಇಂಟು ಇಟ್," ಅಂದ್ರು.

ಫಿಲೋಮಿನಾ ಬಗ್ಗಿ ಕೇಳಿದ್ಲು, "ಬಿಫೋರ್ ಸಮ್ಮರ್?"

ಅವರು ನಕ್ಕರು. ನಗು ಉತ್ತರ ಆಗುತ್ತಾ?

ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು ಮೂಸಿ, ಇದನ್ನ ಎಷ್ಟು ದಿನ ಇಡಬಹುದು ಅಂತ ಕೇಳಿದ್ರು.

"ಫ್ರಿಜ್ಜಲ್ಲಿ ಮೂರು ದಿನ. ಆಮೇಲೆ ಹುಳಿ," ಅಂದೆ. ತಾರಾ ಇಂಗ್ಲಿಷ್ ಮಾಡಿ ಹೇಳಿದ್ಲು.

ಈ ಮಂಗಳವಾರ ಸುಡು ಸುಡು ಬಿಸಿಲು. ಫಿಲೋಮಿನಾ ಬರಲಿಲ್ಲ.

ಎಂಎಲ್‌ಎ ಸಾಹೇಬ್ರೇ, ನಮ್ಮ ಹಿಟ್ಟು ಇಷ್ಟೊತ್ತಿಗೆ ಹುಳಿ ಬಂದಿರ್ಬೇಕಲ್ಲ?